ಹದಿನಾರಕ್ಕೆ ಪಿಂಚಣಿ, ಹದಿನೈದಕ್ಕೆ ಸೊನ್ನೆ

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿರುವ ವೇಳಾಪಟ್ಟಿಯಲ್ಲಿ ವಿಷಯ ಇರುತ್ತದೆ, ಕೊಠಡಿ ಸಂಖ್ಯೆ ಇರುತ್ತದೆ, ಪಾಠ ಮಾಡುವವರ ಹೆಸರಿನ ಮೊದಲಕ್ಷರಗಳು ಇರುತ್ತವೆ. ಯಾರು ಕಾಯಂ, ಯಾರು ಅತಿಥಿ ಎಂಬುದು ಮಾತ್ರ ಇರುವುದಿಲ್ಲ. ಮಕ್ಕಳಿಗೂ ಅದು ಗೊತ್ತಿರುವುದಿಲ್ಲ. ಗೊತ್ತಾದರೂ ಅವರಿಗೇನೂ ಆಗಬೇಕಿಲ್ಲ. ಪರೀಕ್ಷೆಗೆ ಮುಂಚೆ ಪಾಠ ಮುಗಿದರೆ ಸಾಕು ಅವರಿಗೆ.

ಆ ವೇಳಾಪಟ್ಟಿಯ ಗಂಟೆಗಳನ್ನು ಒಮ್ಮೆ ಕೂಡಿ ನೋಡಿ. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಕರ್ನಾಟಕದಲ್ಲಿ 2022ರ ಜನವರಿಯಲ್ಲಿ ಅತಿಥಿ ಉಪನ್ಯಾಸಕರ ಗೌರವಧನವನ್ನು ಪರಿಷ್ಕರಿಸಿದಾಗ, ಅದುವರೆಗೆ ಎಂಟೋ ಹತ್ತೋ ಗಂಟೆಯಿದ್ದ ಅವರ ಕಾರ್ಯಭಾರವನ್ನು ವಾರಕ್ಕೆ 15 ಗಂಟೆಗೆ ಏರಿಸಲಾಯಿತು. ಒಬ್ಬರಿಗೆ 16, ಇನ್ನೊಬ್ಬರಿಗೆ 15. ನಡುವೆ ಇರುವುದು ಒಂದು ಗಂಟೆ. ಆ ಒಂದು ಗಂಟೆಯ ಬೆಲೆ ಏನೆಂದು ಗೊತ್ತಾಗುವುದು ಅರವತ್ತು ತುಂಬಿದ ದಿನ.

ಅಂಥದೊಂದು ದಿನಕ್ಕೆ ನಾನು ಸಾಕ್ಷಿಯಾಗಿದ್ದೆ. ಪಕ್ಕದ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತು ಅರ್ಥಶಾಸ್ತ್ರ ಹೇಳಿದ ಸ್ನೇಹಿತರು ಅವರು. ಅರೆಕಾಲಿಕ ಎಂದು ಸೇರಿದ್ದರು, ನಡುವೆ ಹುದ್ದೆಯ ಹೆಸರು ಅತಿಥಿ ಎಂದಾಯಿತು, ಕೆಲಸ ಅದೇ ಇತ್ತು. ಇಪ್ಪತ್ತೊಂದು ವರ್ಷ. ಬೀಳ್ಕೊಡುಗೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಕಾಯಂ ನೌಕರರು ನಿವೃತ್ತರಾದರೆ ಸೇವಾ ಪುಸ್ತಕ ಹೊರಗೆ ಬರುತ್ತದೆ, ಪಿಂಚಣಿ ಕಾಗದಗಳು ಏಜಿ ಆಫೀಸಿಗೆ ಹೋಗುತ್ತವೆ, ಗುಮಾಸ್ತರ ಮೇಜಿನ ಸುತ್ತ ಆರು ತಿಂಗಳು ಓಡಾಟವಿರುತ್ತದೆ. ನಮ್ಮ ಸ್ನೇಹಿತರು ಕೈಕುಲುಕುತ್ತ ನಗುತ್ತಲೇ ಕೇಳಿದರು: ‘ಸರ್, ನನ್ನ ಫೈಲು ಈಗ ಯಾವ ಟೇಬಲ್ಲಿಗೆ ಹೋಗುತ್ತೆ?’ ಫೈಲೇ ಇರಲಿಲ್ಲ.

ಈ ಪ್ರಶ್ನೆಯನ್ನು ಕರುಣೆಯ ವಿಷಯವಾಗಿ ಬರೆಯುವುದು ಸುಲಭ. ಬರೆದಿದ್ದೂ ಸಾಕಷ್ಟಿದೆ. ನನಗೆ ಇದು ಲೆಕ್ಕದ ಪ್ರಶ್ನೆಯಾಗಿ ಕಾಣುತ್ತದೆ. ಅರೆಕಾಲಿಕ ಎಂದರೆ ಭಾಗಶಃ ಕೆಲಸ. ಭಾಗಶಃ ಕೆಲಸಕ್ಕೆ ಭಾಗಶಃ ಸಂಬಳ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಹಾಗಾದರೆ ಭಾಗಶಃ ಪಿಂಚಣಿ ಯಾಕಿಲ್ಲ? ನಮ್ಮ ನಿಯಮಗಳಲ್ಲಿ ಕೆಲಸ ಭಿನ್ನರಾಶಿಯಾಗಿದ್ದರೂ ಪಿಂಚಣಿ ಮಾತ್ರ ಪೂರ್ಣ, ಇಲ್ಲವೇ ಸೊನ್ನೆ. ಮುಕ್ಕಾಲು ಪಾಲು ದುಡಿದವನಿಗೆ ಮುಕ್ಕಾಲು ಎಂಬ ಮಾತೇ ಅಲ್ಲಿಲ್ಲ.

ಹಳೆಯ ಪಿಂಚಣಿ ಪದ್ಧತಿಯ ಬುಡದಲ್ಲಿರುವ ಪದ ‘ಅರ್ಹತಾದಾಯಕ ಸೇವೆ’. ನೀವು ಎಷ್ಟು ವರ್ಷ ದುಡಿದಿರಿ ಎಂಬುದಕ್ಕಿಂತ, ಅದರಲ್ಲಿ ಎಷ್ಟು ವರ್ಷವನ್ನು ನಿಯಮ ದುಡಿಮೆ ಎಂದು ಒಪ್ಪುತ್ತದೆ ಎಂಬುದು ಮುಖ್ಯ. ಕನಿಷ್ಠ 10 ವರ್ಷ ಇಂಥ ಸೇವೆ ಇದ್ದರೆ ತಿಂಗಳ ಪಿಂಚಣಿ. ಪೂರ್ಣ ಪಿಂಚಣಿ ಎಂದರೆ ಕೊನೆಯ ಸಂಬಳದ ಅರ್ಧ. ಅದಕ್ಕೆ ಬಹುಕಾಲ 33 ವರ್ಷ ಬೇಕಾಗಿತ್ತು. ಒಂದು ಉದಾಹರಣೆ ಹಿಡಿಯೋಣ. ಕೊನೆಯ ಮೂಲವೇತನ 66,000 ರೂಪಾಯಿ ಇದ್ದ ಒಬ್ಬ ಉಪನ್ಯಾಸಕರು. ಮೊದಲ 10 ವರ್ಷ ಅರೆಕಾಲಿಕ, ಆಮೇಲೆ 15 ವರ್ಷ ಕಾಯಂ. ಆ 33 ವರ್ಷದ ಲೆಕ್ಕದಲ್ಲಿ ಅವರ ಪಿಂಚಣಿ ತಿಂಗಳಿಗೆ 15,000. ಮೊದಲ ಹತ್ತನ್ನೂ ಸೇರಿಸಿದ್ದರೆ 25,000. ಅರ್ಧ ಮಾತ್ರ ಎಣಿಸಿದ್ದರೂ 20,000. ಅಂದರೆ ಎಣಿಕೆಗೆ ಬಾರದ ಒಂದೊಂದು ವರ್ಷವೂ ಸಾಯುವ ತನಕ ತಿಂಗಳಿಗೆ ಒಂದೊಂದು ಸಾವಿರವನ್ನು ಕಿತ್ತುಕೊಳ್ಳುತ್ತದೆ. ಅದರ ಮೇಲಿನ ತುಟ್ಟಿಭತ್ಯೆ ಬೇರೆ, ಸತ್ತ ಮೇಲೆ ಹೆಂಡತಿಗೋ ಗಂಡನಿಗೋ ಬರುವ ಕುಟುಂಬ ಪಿಂಚಣಿ ಬೇರೆ.

ಅರ್ಧ ಎಣಿಸುವ ಮಾತು ನಾನು ಕಟ್ಟಿದ್ದಲ್ಲ. ಕೇಂದ್ರ ಸರ್ಕಾರ 1968ರಲ್ಲೇ, ಸಾದಿಲ್ವಾರು ವೆಚ್ಚದಿಂದ ಸಂಬಳ ಪಡೆಯುತ್ತಿದ್ದು ಆಮೇಲೆ ಕಾಯಂ ಆದವರ ಹಿಂದಿನ ಸೇವೆಯಲ್ಲಿ ಅರ್ಧವನ್ನು ಪಿಂಚಣಿಗೆ ಎಣಿಸಬೇಕೆಂದು ಆದೇಶ ಮಾಡಿತು. ಆದರೆ ಅದಕ್ಕೊಂದು ಷರತ್ತು ಹಾಕಿತು: ಆ ಕೆಲಸ ಪೂರ್ಣಾವಧಿಯದಾಗಿರಬೇಕು, ದಿನದ ಒಂದು ಭಾಗದ ಕೆಲಸ ಆಗಿರಕೂಡದು. ಅರ್ಧ ಎಣಿಸುವುದು ಹೇಗೆಂದು ಸರ್ಕಾರಕ್ಕೆ ಅಂದೇ ಗೊತ್ತಿತ್ತು. ಅರ್ಧ ದಿನ ದುಡಿದವನಿಗೆ ಅದನ್ನು ಅನ್ವಯಿಸುವುದು ಮಾತ್ರ ಬೇಡವಾಗಿತ್ತು.

ಕರ್ನಾಟಕದ ಮಟ್ಟಿಗೆ 2006ರ ಏಪ್ರಿಲ್ ತಿಂಗಳ ಮೊದಲ ಹತ್ತು ದಿನಗಳನ್ನು ಯಾರಾದರೂ ಕೂತು ಬರೆಯಬೇಕು. ಏಪ್ರಿಲ್ 1ರಿಂದ ಸೇವೆಗೆ ಸೇರುವವರಿಗೆ ಹಳೆಯ ಪಿಂಚಣಿ ಇಲ್ಲ, ತಿಂಗಳು ತಿಂಗಳು ಖಾತೆಗೆ ಹಣ ಕಟ್ಟುವ ಎನ್‌ಪಿಎಸ್ ಎಂದು ರಾಜ್ಯ ಸರ್ಕಾರ ಗೆರೆ ಎಳೆಯಿತು. ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಉಮಾದೇವಿ ಪ್ರಕರಣದ ತೀರ್ಪು ಕೊಟ್ಟಿತು. ಆ ಪ್ರಕರಣ ಹುಟ್ಟಿದ್ದೂ ನಮ್ಮ ರಾಜ್ಯದಲ್ಲೇ. ನಿಯಮಬದ್ಧ ನೇಮಕಾತಿಯಿಲ್ಲದೆ ಬಂದವರನ್ನು ಎಷ್ಟೇ ವರ್ಷ ದುಡಿದಿದ್ದರೂ ಹಕ್ಕೆಂದು ಕಾಯಂ ಮಾಡಲಾಗದು. ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆದೇಶದ ನೆರವಿಲ್ಲದೆ 10 ವರ್ಷ ದಾಟಿದ ಅರ್ಹರನ್ನು ಒಂದು ಸಲಕ್ಕೆ ಮಾತ್ರ ಪರಿಗಣಿಸಬಹುದು ಎಂದಿತು ಆ ತೀರ್ಪು. ಹೀಗೆ ಹತ್ತು ದಿನದೊಳಗೆ ಎರಡು ಬಾಗಿಲು ಮುಚ್ಚಿದವು. ಒಂದು, ಒಳಗೆ ಬರುವ ಬಾಗಿಲು. ಇನ್ನೊಂದು, ಒಳಗೆ ಬಂದ ಮೇಲೆ ಮುಪ್ಪಿಗೆ ಸಿಗುತ್ತಿದ್ದ ಆಸರೆಯ ಬಾಗಿಲು. ಅಂದು ಅರೆಕಾಲಿಕರಾಗಿ ಹೊರಗೆ ನಿಂತಿದ್ದವರಿಗೆ ಎರಡೂ ಒಟ್ಟಿಗೆ ಮುಚ್ಚಿದವು.

ಒಳಗೆ ಬರುವ ದಾರಿ ಆಮೇಲೆ ತೆರೆಯಲೇ ಇಲ್ಲವೆಂದಲ್ಲ. ಉದ್ಯೋಗಾಧಾರಿತ ಕೋರ್ಸುಗಳಲ್ಲಿ, ಅಂದರೆ ಎಲ್ಲರ ಬಾಯಲ್ಲಿ ಜೆಒಸಿ ಎಂದಿದ್ದ ಕೋರ್ಸುಗಳಲ್ಲಿ, ದುಡಿದ ಅರೆಕಾಲಿಕರನ್ನು ಇಲಾಖೆಯೊಳಕ್ಕೆ ವಿಲೀನ ಮಾಡಲು 2011ರಲ್ಲಿ ಕಾಯ್ದೆಯೇ ಬಂತು. ಪದವಿ ಕಾಲೇಜುಗಳಿಗೆ 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ ಅಧಿಸೂಚನೆ ಹೊರಟಿತು. ಆದರೆ ಆ ಕಾಲೇಜುಗಳಲ್ಲಿ ಅತಿಥಿಗಳ ಸಂಖ್ಯೆ ಹತ್ತು ಸಾವಿರಕ್ಕೂ ಮೇಲೆ. ನಲವತ್ತೈದನೆಯ ವಯಸ್ಸಿನಲ್ಲಿ ಒಬ್ಬರು ಈ ಬಾಗಿಲು ದಾಟಿ ಕಾಯಂ ಆದರು ಎನ್ನಿ. ನಿವೃತ್ತಿಗೆ ಇರುವುದು ಹದಿನೈದೇ ವರ್ಷ. ಎನ್‌ಪಿಎಸ್‌ನಲ್ಲಿ ಉಳಿತಾಯಕ್ಕೆ ಮೊದಲ ಇಪ್ಪತ್ತು ವರ್ಷವೇ ಬಂಡವಾಳ. ಮೊದಲ ವರ್ಷ ಹಾಕಿದ ರೂಪಾಯಿಯೇ ಕೊನೆಗೆ ಹೆಚ್ಚು ಬೆಳೆದಿರುತ್ತದೆ. ತಡವಾಗಿ ಬಂದವರಿಗೆ ಆ ಮೊದಲ ರೂಪಾಯಿ ಇಲ್ಲ. ಹಳೆಯ ಪದ್ಧತಿ ಅರೆಕಾಲಿಕ ವರ್ಷಗಳನ್ನು ಎಣಿಸದೆ ಬಿಟ್ಟಿತು. ಹೊಸ ಪದ್ಧತಿಗೆ ಎಣಿಸುವ ಕೆಲಸವೇ ಇಲ್ಲ. ಆ ವರ್ಷಗಳಲ್ಲಿ ಖಾತೆಗೆ ಏನೂ ಬಿದ್ದಿಲ್ಲ, ಅಷ್ಟೇ. ಫಲ ಒಂದೇ.

ಇಲ್ಲಿ ಪಿಂಚಣಿ ಎಂದರೇನು ಎಂಬ ಮೂಲ ಪ್ರಶ್ನೆಗೆ ಹೋಗಬೇಕು. ಪಿಂಚಣಿ ಸರ್ಕಾರ ಮನಸ್ಸು ಬಂದಾಗ ಕೊಡುವ ಇನಾಮಲ್ಲ, ಅದು ನೌಕರನ ಸ್ವತ್ತು ಎಂದು ಸುಪ್ರೀಂ ಕೋರ್ಟು 1971ರಲ್ಲಿ ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿ ಹೇಳಿತು. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಅದನ್ನೇ ಇನ್ನೂ ವಿಸ್ತರಿಸಿತು. ಆ ದಿನವನ್ನು ಪಿಂಚಣಿದಾರರು ಇಂದಿಗೂ ತಮ್ಮ ದಿನವೆಂದು ಆಚರಿಸುತ್ತಾರೆ. ಪಿಂಚಣಿ ಎಂದರೆ ಹಿಂದೆ ಮಾಡಿದ ದುಡಿಮೆಗೆ ಸಲ್ಲುವ ಫಲ ಎಂಬುದು ಅಲ್ಲಿಂದೀಚೆಗೆ ನೆಲೆಗೊಂಡ ಮಾತು. ದುಡಿದಾಗ ಸಂಬಳದ ಒಂದು ಪಾಲನ್ನು ಕೈಗೆ ಕೊಡುತ್ತಾರೆ, ಇನ್ನೊಂದು ಪಾಲನ್ನು ಮುಪ್ಪಿಗೆ ಇಡುತ್ತಾರೆ. ಪಿಂಚಣಿ ಹೀಗೆ ತಡೆದು ಕೊಟ್ಟ ಸಂಬಳವೇ ಆಗಿದ್ದರೆ, 15 ಗಂಟೆ ಪಾಠ ಮಾಡಿದವರ ಸಂಬಳದ ಆ ಎರಡನೆಯ ಪಾಲು ಎಲ್ಲಿ ಹೋಯಿತು? ಗೌರವಧನ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಆವಿಯಾಗುವುದಿಲ್ಲ.

ಈ ಹೆಸರುಗಳ ಬಗ್ಗೆಯೂ ಒಂದು ಮಾತು. ತಿಥಿ ನೋಡದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಅರ್ಥ ಹೇಳುತ್ತಿದ್ದರು. ಇವರಿಗೋ ಬರುವ ತಾರೀಖು, ಹೋಗುವ ತಾರೀಖು ಎರಡನ್ನೂ ಆದೇಶದಲ್ಲೇ ನಮೂದಿಸಿರುತ್ತಾರೆ. ವರ್ಷಕ್ಕೆ ಸುಮಾರು ಹತ್ತು ತಿಂಗಳು. ಬೇಸಿಗೆಯಲ್ಲಿ ಬಿಡುಗಡೆ, ಮಳೆಗಾಲದಲ್ಲಿ ಮತ್ತೆ ಆನ್‌ಲೈನ್ ಅರ್ಜಿ, ಕೌನ್ಸೆಲಿಂಗ್, ಹೊಸ ಆದೇಶ. ಈ ಎರಡು ತಿಂಗಳ ಬಿಡುವು ಬರೀ ಎರಡು ತಿಂಗಳ ಗೌರವಧನ ಉಳಿಸುವ ಉಪಾಯವಲ್ಲ. ನಿರಂತರ ಸೇವೆ ಎಂಬ ದಾರವನ್ನು ವರ್ಷ ವರ್ಷವೂ ಕತ್ತರಿಸುವ ಕತ್ತರಿ ಅದು. ಇಪ್ಪತ್ತು ವರ್ಷದ ಸೇವೆ ಕಾಗದದ ಮೇಲೆ ಇಪ್ಪತ್ತು ತುಂಡುಗಳಾಗುತ್ತದೆ. ಯಾವ ತುಂಡೂ ಪಿಂಚಣಿಯ ಬಾಗಿಲು ತಟ್ಟುವಷ್ಟು ಉದ್ದವಿರುವುದಿಲ್ಲ. ಯುಜಿಸಿಯ 2010ರ ನಿಯಮಾವಳಿಯೂ ಹಿಂದಿನ ಸೇವೆಯನ್ನು ನೇಮಕ, ಬಡ್ತಿಗಳಿಗೆ ಎಣಿಸುವಾಗ ಅತಿಥಿ ಉಪನ್ಯಾಸಕರಾಗಿದ್ದ ಅವಧಿಯನ್ನು, ಅದು ಎಷ್ಟೇ ದೀರ್ಘವಾಗಿರಲಿ, ಹೊರಗಿಟ್ಟಿತ್ತು.

ಈ ತುಂಡು ಮಾಡುವ ಕತ್ತರಿಯನ್ನು ಒಂದು ನ್ಯಾಯಾಲಯ ಕಿತ್ತುಕೊಂಡದ್ದು ಬ್ರಿಟನ್ನಿನ ವಿಷಯದಲ್ಲಿ. ಅಲ್ಲಿಯೂ ಅರೆಕಾಲಿಕ ನೌಕರರನ್ನು, ಅವರಲ್ಲಿ ಶಾಲಾ ಕಾಲೇಜುಗಳ ಅಧ್ಯಾಪಕಿಯರನ್ನು, ಪಿಂಚಣಿ ಯೋಜನೆಗಳಿಂದ ಬಹುಕಾಲ ಹೊರಗಿಟ್ಟಿದ್ದರು. ಅರೆಕಾಲಿಕರಲ್ಲಿ ಹೆಚ್ಚಿನವರು ಹೆಂಗಸರು. ಆದ್ದರಿಂದ ಇದು ಹೊರನೋಟಕ್ಕೆ ಗಂಟೆಯ ಭೇದವಾದರೂ ಒಳಗೆ ಹೆಣ್ಣು ಗಂಡಿನ ಭೇದ ಎಂಬ ವಾದದ ಮೇಲೆ ಸುಮಾರು 60 ಸಾವಿರ ದಾವೆಗಳು ಹೂಡಲ್ಪಟ್ಟವು. ಪ್ರೆಸ್ಟನ್ ಪ್ರಕರಣ ಎಂದು ಹೆಸರಾದ ಈ ವ್ಯಾಜ್ಯದಲ್ಲಿ ಯುರೋಪಿಯನ್ ನ್ಯಾಯಾಲಯ 2000ದ ಮೇ ತಿಂಗಳಲ್ಲೂ, ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ 2001ರ ಫೆಬ್ರುವರಿಯಲ್ಲೂ ತೀರ್ಪು ಕೊಟ್ಟವು. ಗೆದ್ದವರಿಗೆ 1976ರ ಏಪ್ರಿಲ್ 8ರಷ್ಟು ಹಿಂದಿನ ಸೇವೆಯನ್ನೂ ಎಣಿಸಿಕೊಳ್ಳುವ ಅವಕಾಶ ಸಿಕ್ಕಿತು. ನಮಗೆ ಮುಖ್ಯವಾದದ್ದು ಇನ್ನೊಂದು ಅಂಶ. ಅವಧಿ ಅವಧಿಗೂ ಹೊಸ ಕರಾರು ಮಾಡಿಕೊಂಡು ಅದೇ ಕೆಲಸಕ್ಕೆ ಮತ್ತೆ ಮತ್ತೆ ಕರೆಯುವಂತಿದ್ದರೆ, ಅದೆಲ್ಲ ಒಂದೇ ಸ್ಥಿರ ಉದ್ಯೋಗ ಸಂಬಂಧ. ದಾವೆ ಹೂಡುವ ಗಡುವನ್ನು ಕೊನೆಯ ಕರಾರು ಮುಗಿದಲ್ಲಿಂದ ಎಣಿಸಬೇಕು ಎಂದಿತು ಯುರೋಪಿಯನ್ ನ್ಯಾಯಾಲಯ. ಬೇಸಿಗೆಯ ಬಿಡುವನ್ನು ತೋರಿಸಿ ಮನುಷ್ಯರ ದುಡಿಮೆಯನ್ನು ತುಂಡು ಮಾಡಲಾಗದು ಎಂದು ಇದರ ಅರ್ಥ.

ಈಗ ಅಲ್ಲಿ ಲೆಕ್ಕ ಹೇಗೆ ನಡೆಯುತ್ತದೆ? ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಧ್ಯಾಪಕರ ಪಿಂಚಣಿ ಯೋಜನೆಯೊಳಗೆ 2007ರ ಜನವರಿಯಿಂದ ಅರೆಕಾಲಿಕರೂ ಕೇಳದೆಯೇ ಸೇರುತ್ತಾರೆ. ಹಳೆಯ, ಕೊನೆಯ ಸಂಬಳ ಆಧಾರಿತ ಭಾಗದಲ್ಲಿ, ಅರ್ಧ ಹೊತ್ತು ಇಪ್ಪತ್ತು ವರ್ಷ ದುಡಿದವರ ಸೇವೆ ಹತ್ತು ವರ್ಷವೆಂದಾಗುತ್ತದೆ. ಆದರೆ ಅದನ್ನು ಗುಣಿಸುವುದು ಪೂರ್ಣಾವಧಿಯಾಗಿದ್ದರೆ ಬರುತ್ತಿದ್ದ ಸಂಬಳದಿಂದ. ಒಮ್ಮೆ ಕಳೆದದ್ದನ್ನು ಎರಡನೆಯ ಸಲ ಕಳೆಯುವುದಿಲ್ಲ. 2015ರ ಏಪ್ರಿಲ್‌ನಿಂದ ಇರುವ ಹೊಸ ಪದ್ಧತಿಯಲ್ಲಿ ಪ್ರತಿ ವರ್ಷದ ನಿಜ ಸಂಬಳದ 57ನೇ ಒಂದು ಭಾಗ ಪಿಂಚಣಿಯಾಗಿ ಜಮೆಯಾಗುತ್ತ ಹೋಗುತ್ತದೆ. ಅಲ್ಲೇನೂ ಸ್ವರ್ಗವಿಲ್ಲ. ಏಜೆನ್ಸಿಗಳ ಮೂಲಕ ಬದಲಿ ಪಾಠಕ್ಕೆ ಹೋಗುವವರು ಇಂದಿಗೂ ಆ ಯೋಜನೆಯ ಹೊರಗೇ ಇದ್ದಾರೆ. ಆದರೆ ಒಳಗಿರುವವರಿಗೆ ಅರ್ಧ ದುಡಿಮೆ ಎಂದರೆ ಅರ್ಧವೇ, ಸೊನ್ನೆಯಲ್ಲ.

ನಮ್ಮಲ್ಲಿ ನ್ಯಾಯಾಲಯಗಳು ಹೀಗೆ ಎಣಿಸಿಲ್ಲವೆಂದೇನೂ ಇಲ್ಲ. ಉತ್ತರ ಪ್ರದೇಶದಲ್ಲಿ ಕಾಮಗಾರಿಯ ವೆಚ್ಚದಿಂದ ಸಂಬಳ ಪಡೆಯುತ್ತಿದ್ದ ವರ್ಕ್‌ಚಾರ್ಜ್ ನೌಕರರು ಕಾಯಂ ಆಗುವ ಮುಂಚೆ ಮಾಡಿದ ಸೇವೆಯನ್ನೂ ಪಿಂಚಣಿಗೆ ಎಣಿಸಬೇಕೆಂದು ಪ್ರೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಮುಂದೇನಾಯಿತು? ಮರುವರ್ಷವೇ ಆ ರಾಜ್ಯ ಸುಗ್ರೀವಾಜ್ಞೆ ತಂದಿತು, 2021ರಲ್ಲಿ ಅದನ್ನು ಕಾಯ್ದೆ ಮಾಡಿತು, ಅರ್ಹತಾದಾಯಕ ಸೇವೆ ಎಂದರೆ ನಿಯಮಬದ್ಧವಾಗಿ ನೇಮಕಗೊಂಡ ಮೇಲಿನ ಸೇವೆ ಮಾತ್ರ ಎಂದು ಹಿಂದಿನ ದಿನಾಂಕದಿಂದಲೇ ಬರೆದುಕೊಂಡಿತು. ನಾವೂ ಕಡಿಮೆಯಿಲ್ಲ. ಖಾಸಗಿ ಶಾಲಾ ಕಾಲೇಜುಗಳು ಅನುದಾನಕ್ಕೆ ಒಳಪಡುವ ಮುಂಚೆ ಅಲ್ಲಿನ ಮೇಷ್ಟ್ರುಗಳು ಮಾಡಿದ ಸೇವೆಯನ್ನು ವೇತನಕ್ಕಾಗಲಿ ಪಿಂಚಣಿಗಾಗಲಿ ಎಣಿಸಬೇಕಿಲ್ಲ ಎಂದು ನಮ್ಮ ಶಾಸನಸಭೆ 2014ರಲ್ಲಿ ಕಾಯ್ದೆ ಮಾಡಿತು. ಅನುದಾನಿತ ಶಾಲೆಗಳಲ್ಲಿ, ಆ ಹಿಂದಿನ ಸೇವೆಯನ್ನೂ ಎಣಿಸಿ ಲೆಕ್ಕ ಹಾಕುವ ‘ಕಾಲ್ಪನಿಕ ವೇತನ’ ಎಂಬ ಮಾತು ಯಾಕೆ ಅಷ್ಟು ಕಹಿಯಾಗಿ ಕೇಳುತ್ತದೆ ಎಂದು ಗೊತ್ತಿರದವರು ಆ ಕಾಯ್ದೆಯನ್ನು ಓದಬೇಕು. ಕೋರ್ಟು ಕೂಡಿದ್ದನ್ನು ಶಾಸನಸಭೆ ಕಳೆಯುತ್ತದೆ. ಆಡಳಿತ ಪಕ್ಷ ಯಾವುದೇ ಇರಲಿ, ಈ ಗಣಿತದಲ್ಲಿ ಒಮ್ಮತವಿದೆ.

ಖಾಸಗಿ ಶಾಲೆಗಳ ಕತೆ ಚಿಕ್ಕದು, ಇನ್ನೂ ಬಡವಾದದ್ದು. ಭವಿಷ್ಯನಿಧಿ ಕಟ್ಟುವ ಶಾಲೆಯಾಗಿದ್ದರೆ 1995ರ ನೌಕರರ ಪಿಂಚಣಿ ಯೋಜನೆ ಇದೆ. ಕೊನೆಯ 60 ತಿಂಗಳ ಸಂಬಳದ ಸರಾಸರಿಯನ್ನು ಸೇವಾ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. 12,000 ಸಂಬಳದಲ್ಲಿ 14 ವರ್ಷ ಪಾಠ ಮಾಡಿದ ಟೀಚರಮ್ಮನಿಗೆ ತಿಂಗಳಿಗೆ 2,400 ರೂಪಾಯಿ. ಮಗುವಿಗೋ ಅತ್ತೆಯ ಕಾಯಿಲೆಗೋ ಕೊನೆಯ ಐದು ವರ್ಷ ಅರ್ಧ ದಿನದ ಕೆಲಸಕ್ಕೆ ಇಳಿದು 6,000 ಪಡೆಯುತ್ತಿದ್ದರೆ, ಆ ಸರಾಸರಿ ಹಿಂದಿನ ವರ್ಷಗಳನ್ನೂ ಕೆಳಗೆ ಎಳೆಯುತ್ತದೆ. ಪಿಂಚಣಿ 1,200ಕ್ಕೆ ಬರುತ್ತದೆ. ಪೂರ್ಣಾವಧಿ ದುಡಿದ ಒಂಬತ್ತು ವರ್ಷವೂ ಅರೆಕಾಲಿಕವಾದಂತೆ. ಇಂಗ್ಲೆಂಡಿನವರು ತಪ್ಪಿಸಿದ್ದು ಇಳಿದ ಸಂಬಳವನ್ನು ಹಿಂದಿನ ವರ್ಷಗಳಿಗೂ ಹಚ್ಚುವ ಇದೇ ಲೆಕ್ಕವನ್ನು. ಗ್ರಾಚ್ಯುಟಿಯ ವಿಷಯದಲ್ಲಂತೂ ಅಧ್ಯಾಪಕರು ‘ನೌಕರ’ ಎಂಬ ವ್ಯಾಖ್ಯೆಯೊಳಗೇ ಬರುವುದಿಲ್ಲ ಎಂದು 2004ರಲ್ಲಿ ತೀರ್ಪಾಗಿತ್ತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು 1997ರಿಂದಲೇ ಅನ್ವಯಿಸಿತು, ಶಾಲೆಗಳ ಆಡಳಿತಗಳು ಅದನ್ನೂ ಪ್ರಶ್ನಿಸಿದವು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿದ ಮೇಲೆ ಅದು ಮುಗಿಯಿತು. ಮೇಷ್ಟ್ರು ನೌಕರ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಹದಿನೆಂಟು ವರ್ಷ ಹಿಡಿಯಿತು ಈ ದೇಶಕ್ಕೆ.

ಎದುರು ವಾದಗಳನ್ನೂ ನೋಡೋಣ. ಮೊದಲನೆಯದು, ಹಿಂಬಾಗಿಲ ಪ್ರವೇಶದ ವಾದ. ಸ್ಪರ್ಧಾತ್ಮಕ ಪರೀಕ್ಷೆ ಬರೆಯದೆ ಬಂದವರಿಗೆ, ಬರೆದು ಬಂದವರ ಸೌಲಭ್ಯ ಕೊಟ್ಟರೆ, ಹೊರಗೆ ಕಾದು ನಿಂತ ಸಾವಿರಾರು ಹುಡುಗ ಹುಡುಗಿಯರಿಗೆ ಅನ್ಯಾಯವಾಗುತ್ತದೆ. ಇದು ಗಟ್ಟಿ ವಾದ, ಇದನ್ನು ನಾನು ಗೌರವಿಸುತ್ತೇನೆ. ಆದರೆ ಇದು ಹುದ್ದೆಯ ಬಗೆಗಿನ ವಾದ. ಹುದ್ದೆ ಮುಂದಿನ ದಿನಗಳಿಗೆ ಸಂಬಂಧಿಸಿದ್ದು. ಪಿಂಚಣಿ ಆಗಿಹೋದ ದಿನಗಳಿಗೆ. ಅರವತ್ತು ತುಂಬಿದ ಅತಿಥಿ ಉಪನ್ಯಾಸಕರಿಗೆ ಆಗಲೇ ಮಾಡಿದ ಪಾಠಕ್ಕೆ ಮುಪ್ಪಿನ ಪಾಲು ಕೊಟ್ಟರೆ ಯಾವ ಅಭ್ಯರ್ಥಿಯ ಯಾವ ಹುದ್ದೆ ಕೈತಪ್ಪುತ್ತದೆ? ಉಮಾದೇವಿ ತೀರ್ಪು ಕಾಯಂ ಮಾಡುವುದನ್ನು ತಡೆದಿದೆ, ಎಣಿಸುವುದನ್ನಲ್ಲ. ಆ ತೀರ್ಪನ್ನು ದೀರ್ಘಕಾಲ ದುಡಿಸಿಕೊಂಡವರ ವಿರುದ್ಧ ಆಯುಧದಂತೆ ಬಳಸುವುದನ್ನು 2024ರ ಡಿಸೆಂಬರ್‌ನಲ್ಲಿ ಜಗ್ಗೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಟೀಕಿಸಿದೆ. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಗಟ್ಟಲೆ ಕಸ ಗುಡಿಸಿದ, ತೋಟ ನೋಡಿಕೊಂಡ ಆ ಜನರನ್ನೂ ಅರೆಕಾಲಿಕರೆಂದೇ ಕರೆಯಲಾಗಿತ್ತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, ಗುರುವನ್ನು ಸ್ತುತಿಸುವ ಶ್ಲೋಕ ಹೇಳಿಕೊಂಡು ಗುರುವಿಗೆ ಘನತೆಯ ಸಂಬಳ ಕೊಡದಿದ್ದರೆ ಆ ಶ್ಲೋಕಕ್ಕೆ ಅರ್ಥವಿಲ್ಲ ಎಂಬರ್ಥದ ಮಾತನ್ನೂ ಅದೇ ಕೋರ್ಟು ಆಡಿತು.

ಎರಡನೆಯದು, ಗಂಟೆಯ ವಾದ. ಕಾಯಂ ಅಧ್ಯಾಪಕರ 16 ಗಂಟೆ ಪಾಠದ ಗಂಟೆ ಮಾತ್ರ. ಅದರ ಮೇಲೆ ನ್ಯಾಕ್ ಮೌಲ್ಯಮಾಪನದ ಕಡತ, ಪ್ರವೇಶಾತಿ, ಪರೀಕ್ಷಾ ಕೆಲಸ ಎಲ್ಲ ಸೇರಿ ವಾರಕ್ಕೆ 40 ಗಂಟೆಯ ಹೊಣೆ ಇದೆ, 15ನ್ನು 16ಕ್ಕೆ ಹೋಲಿಸಬೇಡಿ ಎನ್ನುತ್ತಾರೆ. ಸರಿ. ನ್ಯಾಕ್ ತಂಡ ಬರುವ ಹಿಂದಿನ ರಾತ್ರಿ ಕಡತಗಳಿಗೆ ಲೇಬಲ್ ಅಂಟಿಸುತ್ತಿದ್ದವರು ಯಾರು ಎಂದು ನಾನೂ ಕಂಡಿದ್ದೇನೆ, ಆದರೂ ವಾದಕ್ಕೆ ಒಪ್ಪಿಕೊಳ್ಳೋಣ. ಮುಕ್ಕಾಲು ಎನ್ನಿ. ಅರ್ಧ ಎನ್ನಿ. ಕಾಲುಭಾಗ ಎಂದು ಚೌಕಾಸಿಗೆ ಕೂತರೂ ಕೂರಬಹುದು. ಸೊನ್ನೆ ಎನ್ನುವುದಕ್ಕೆ ಮಾತ್ರ ಈ ವಾದದಲ್ಲಿ ಜಾಗವಿಲ್ಲ.

ಮೂರನೆಯದು ದುಡ್ಡಿನ ವಾದ, ಮತ್ತು ನಿಜವಾದ ವಾದ. ಖಜಾನೆಗೆ ಪಿಂಚಣಿಯ ಹೊರೆ ಹೆಚ್ಚಾಯಿತೆಂದೇ ಸರ್ಕಾರಗಳು ಎನ್‌ಪಿಎಸ್‌ಗೆ ಹೋದವು. ಆದರೆ ನಮ್ಮ ಸರ್ಕಾರ ಈಗಾಗಲೇ ಒಪ್ಪಿಕೊಂಡ ಒಂದು ಲೆಕ್ಕವನ್ನು ಬಿಡಿಸಿ ನೋಡಿದರೆ ಈ ವಾದ ನಿಲ್ಲುವುದಿಲ್ಲ. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಮುಷ್ಕರಕ್ಕೆ ಕೂತರು, ಹೊಸ ವರ್ಷದ ದಿನ ತುಮಕೂರಿನಿಂದ ಬೆಂಗಳೂರಿಗೆ ನಡೆದು ಹೊರಟರು. ಆ ಹೊತ್ತಿಗೆ ಸರ್ಕಾರ ಘೋಷಿಸಿದ ಸೌಲಭ್ಯಗಳಲ್ಲಿ ಒಂದು ಇಡಿಗಂಟು: ಸೇವೆಯ ವರ್ಷಕ್ಕೆ 50,000 ರೂಪಾಯಿಯಂತೆ, ಗರಿಷ್ಠ 5 ಲಕ್ಷ, ಅರವತ್ತು ತುಂಬಿದಾಗ. ಗೌರವಧನದಲ್ಲೂ ಸೇವಾವಧಿಗೆ ತಕ್ಕಂತೆ 5,000ದಿಂದ 8,000ದವರೆಗಿನ ಏರಿಕೆ ಆಯಿತು.

ಈ 50,000ವನ್ನು ಕಾಯಂ ನೌಕರರ ಎನ್‌ಪಿಎಸ್ ಪಕ್ಕಕ್ಕಿಟ್ಟು ನೋಡಿ. ಅಲ್ಲಿ ನೌಕರನ ಪಾಲು ಸಂಬಳದ ಶೇ 10, ಸರ್ಕಾರದ ಪಾಲು ಶೇ 14. ಅರ್ಹತೆಯಿದ್ದು ಐದು ವರ್ಷ ದಾಟಿದ ಅತಿಥಿ ಉಪನ್ಯಾಸಕರ 2022ರ ಗೌರವಧನ 32,000. ಅದರ ಶೇ 14 ಎಂದರೆ ತಿಂಗಳಿಗೆ 4,480. ಹತ್ತು ತಿಂಗಳಿಗೆ 44,800. ಗರಿಷ್ಠ ಏರಿಕೆ ಸೇರಿ 40,000 ಆದವರಿಗೆ ವರ್ಷಕ್ಕೆ 56,000. ಎರಡರ ನಡುವೆ ನಿಂತಿದೆ ಇಡಿಗಂಟಿನ ಆ 50,000. ಅಂದರೆ ಕಾಯಂ ನೌಕರನ ಖಾತೆಗೆ ಹಾಕುವ ಪ್ರಮಾಣದ ಹಣವನ್ನೇ ಅತಿಥಿಗೂ ಕೊಡಲು ಸರ್ಕಾರ ಒಪ್ಪಿಯಾಗಿದೆ! ವ್ಯತ್ಯಾಸ ಇರುವುದು ಕೊಡುವ ಬಗೆಯಲ್ಲಿ. ತಿಂಗಳು ತಿಂಗಳು ಖಾತೆಗೆ ಹಾಕುವುದಿಲ್ಲ, ಕೊನೆಗೆ ಕೊಡುತ್ತದೆ, ಆದ್ದರಿಂದ ಬಡ್ಡಿಯಿಲ್ಲ. ಹತ್ತು ವರ್ಷಕ್ಕೆ ಮಿತಿ ಹಾಕಿದೆ, ಆದ್ದರಿಂದ ಹನ್ನೊಂದನೆಯ ವರ್ಷದಿಂದ ಮತ್ತೆ ಸೊನ್ನೆ. ಅರವತ್ತಕ್ಕೇ ಕೊಡುವುದಾದ್ದರಿಂದ, ಐವತ್ತೆರಡರಲ್ಲಿ ಕೌನ್ಸೆಲಿಂಗ್‌ನಲ್ಲಿ ಜಾಗ ಸಿಗದೆ ಹೊರಬಿದ್ದವರು ಎಲ್ಲಿ ನಿಲ್ಲಬೇಕೋ ದೇವರೇ ಬಲ್ಲ.

ಇದೇ 44,800ವನ್ನು ವರ್ಷ ವರ್ಷವೂ ಒಂದು ಖಾತೆಗೆ ಹಾಕಿ, ಶೇ 7ರ ಸಾಧಾರಣ ಬೆಳವಣಿಗೆ ಹಿಡಿದರೂ, ಇಪ್ಪತ್ತು ವರ್ಷದ ಕೊನೆಗೆ ಅದು 18 ಲಕ್ಷ ದಾಟುತ್ತದೆ. ಉಪನ್ಯಾಸಕರ ಸ್ವಂತ ಶೇ 10 ಸೇರಿದರೆ 31 ಲಕ್ಷ. ಈಗ ಸಿಗುವುದು 5 ಲಕ್ಷ. ಇಪ್ಪತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 25,000.

ಆದ್ದರಿಂದ ನನ್ನ ಬೇಡಿಕೆ ದೊಡ್ಡದೇನಲ್ಲ. ಅತಿಥಿ ಎಂಬ ಹೆಸರಿನಲ್ಲಿ ಮೊದಲ ಆದೇಶ ಕೊಟ್ಟ ತಿಂಗಳಿನಿಂದಲೇ ಒಂದು ಪಿಂಚಣಿ ಖಾತೆ ತೆರೆಯಿರಿ. ಗೌರವಧನಕ್ಕೆ ತಕ್ಕಂತೆ ಇಬ್ಬರ ಪಾಲೂ ಅದಕ್ಕೆ ಬೀಳಲಿ. ಮುಂದೆ ಕಾಯಂ ಆದರೆ ಅದೇ ಖಾತೆ ಮುಂದುವರಿಯಲಿ. ಆಗದಿದ್ದರೆ ಅಷ್ಟಾದರೂ ಅವರದಾಗಿರಲಿ. ಊರು ಬದಲಾದರೂ, ಕಾಲೇಜು ಬದಲಾದರೂ, ಕೆಲಸವನ್ನೇ ಬಿಟ್ಟರೂ ಖಾತೆ ಸಾಯದಿರಲಿ. ನಲವತ್ತು ಸಾವಿರಕ್ಕೂ ಹೆಚ್ಚಿರುವ ಸರ್ಕಾರಿ ಶಾಲೆಗಳ ಅತಿಥಿ ಶಿಕ್ಷಕರಿಗೂ ಇದೇ ಅನ್ವಯವಾಗಲಿ. 2025ರ ಬಜೆಟ್ಟಿನಲ್ಲಿ ಅವರ ಗೌರವಧನಕ್ಕೆ 2,000 ಸೇರಿತು, ಮುಪ್ಪಿಗೆ ಏನೂ ಸೇರಲಿಲ್ಲ. ಈ ಖಾತೆ ತೆರೆಯಲು ಯಾರನ್ನೂ ಕಾಯಂ ಮಾಡಬೇಕಿಲ್ಲ, ಉಮಾದೇವಿ ತೀರ್ಪನ್ನು ಮುಟ್ಟಬೇಕಿಲ್ಲ. ಹಳೆಯ ಪಿಂಚಣಿಯೊಳಗೆ ಇರುವವರ ಅರೆಕಾಲಿಕ ವರ್ಷಗಳನ್ನು ಗಂಟೆಗೆ ತಕ್ಕಂತೆ ಎಣಿಸಲು ಮಾತ್ರ ನಿಯಮ ತಿದ್ದಬೇಕು.

ಗೆರೆಗಳನ್ನು ಸರಿಸಲು ಬರುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ. 2006ರ ಏಪ್ರಿಲ್‌ಗೆ ಮುಂಚೆ ಅಧಿಸೂಚನೆ ಹೊರಟು, ಆಮೇಲೆ ನೇಮಕವಾದ ಸುಮಾರು 13,000 ನೌಕರರಿಗೆ ಹಳೆಯ ಪಿಂಚಣಿ ಆಯ್ದುಕೊಳ್ಳಲು 2024ರ ಜನವರಿಯಲ್ಲಿ ಇದೇ ರಾಜ್ಯ ಆದೇಶ ಮಾಡಿತು. ನೇಮಕದ ಪತ್ರಕ್ಕೆ ಸಹಿ ಬಿದ್ದ ದಿನವನ್ನು ಬಿಟ್ಟು, ನೇಮಕದ ಪ್ರಕ್ರಿಯೆ ಶುರುವಾದ ದಿನವನ್ನು ನೋಡಿದರು. ಸರಿಯಾದ ಆದೇಶ ಅದು. ಅಧಿಸೂಚನೆ ಹೊರಟ ದಿನಕ್ಕೆ ಸಿಕ್ಕ ಮರ್ಯಾದೆ ಪಾಠ ಶುರುಮಾಡಿದ ದಿನಕ್ಕೂ ಸಿಗಬಾರದೇ?

ಅಲ್ಲಿಯತನಕ ಅರೆಕಾಲಿಕರಾಗಿ, ಅತಿಥಿಗಳಾಗಿ ದುಡಿಯುತ್ತಿರುವ ಗೆಳೆಯ ಗೆಳತಿಯರಿಗೆ ಒಂದು ಮಾತು. ಪ್ರತಿ ವರ್ಷದ ಆದೇಶದ ಪ್ರತಿ, ಗೌರವಧನ ಜಮೆಯಾದ ಪಾಸ್‌ಬುಕ್ಕಿನ ಪುಟ, ಪ್ರಾಂಶುಪಾಲರು ಕೊಟ್ಟ ಸೇವಾ ಪ್ರಮಾಣಪತ್ರ, ಇವನ್ನು ಒಂದು ಕಡೆ ಜೋಪಾನವಾಗಿಡಿ. ಸೇವಾ ಪುಸ್ತಕ ಇಲ್ಲದವರಿಗೆ ಇವೇ ಸೇವಾ ಪುಸ್ತಕ. ಮಾರ್ಚಿನಲ್ಲಿ ಗೋಡೆಯಿಂದ ಕಿತ್ತು ಬಿಸಾಡುವ ಆ ವೇಳಾಪಟ್ಟಿಯ ಒಂದು ಜೆರಾಕ್ಸನ್ನೂ ಅದರ ಜೊತೆಗಿಡಿ.